ಬೈಬಲ್ ಸುಮ್ಮನಿರುವ ಕಡೆ ಸಿನಿಮಾ ಏನು ಮಾಡುತ್ತದೆ?

ಎಲ್ಲರಿಗೂ ನಮಸ್ಕಾರ.

ಬೈಬಲ್ ಕಥೆಯ ಸಿನಿಮಾ ನೋಡಿ ಬಂದವರು ಮೊದಲು ಕೇಳುವುದು, "ಅದರಲ್ಲಿ ಇರೋ ಹಾಗೇ ತೆಗೆದಿದ್ದಾರಾ?" ಅಂತ. ನಾನೂ ಹಾಗೇ ಕೇಳುತ್ತಿದ್ದೆ. ಆಮೇಲೆ ಬೈಬಲನ್ನು ತೊಡೆ ಮೇಲಿಟ್ಟುಕೊಂಡು ಸಿನಿಮಾ ನೋಡತೊಡಗಿದೆ. ಆಗ ಗೊತ್ತಾಯಿತು, ಬೈಬಲ್ ಎಷ್ಟು ಕಡಿಮೆ ಮಾತಾಡುತ್ತದೆ ಅಂತ.

ನೋಹನನ್ನೇ ತಗೊಳ್ಳಿ. ಬೈಬಲ್‌ನ ಮೊದಲ ಪುಸ್ತಕ ಆದಿಕಾಂಡದಲ್ಲಿ, ಜಲಪ್ರಳಯಕ್ಕೆ ಮುಂಚೆ ನಾವೆ ಕಟ್ಟುವಾಗ, ಮಳೆ ಸುರಿಯುವಾಗ, ನೀರು ಇಳಿಯುವಾಗ ಅವನು ಆಡಿದ ಒಂದು ಮಾತೂ ಇಲ್ಲ. ಬಾಯಿ ಬಿಡುವುದು ಒಂಬತ್ತನೇ ಅಧ್ಯಾಯದಲ್ಲಿ, ಅದೂ ಮೊಮ್ಮಗ ಕಾನಾನನನ್ನು ಶಪಿಸಲು. 2014ರ 'ನೋಹ' ಸಿನಿಮಾ ಆ ಮೌನದೊಳಗೆ ಒಂದು ಇಡೀ ಮನೆ ಜಗಳವನ್ನೇ ತುಂಬಿತು. ಬೈಬಲ್‌ನಲ್ಲಿ ಮೂವರು ಮಕ್ಕಳೂ ಹೆಂಡತಿಯರ ಜೊತೆ ನಾವೆ ಹತ್ತುತ್ತಾರೆ, ಸಿನಿಮಾದಲ್ಲಿ ಹಾಮನಿಗೆ ಹೆಂಡತಿಯೇ ಇಲ್ಲ.

1956ರ 'ದ ಟೆನ್ ಕಮಾಂಡ್‌ಮೆಂಟ್ಸ್'ನಲ್ಲಿ ಮೋಶೆ ಕೋಲೆತ್ತಿದ ಕೂಡಲೇ ಸಮುದ್ರ ಸೀಳುತ್ತದೆ. ವಿಮೋಚನಕಾಂಡದಲ್ಲಿ ಅದಕ್ಕೆ ರಾತ್ರಿಯಿಡೀ ಬೇಕು, ಮೂಡಣ ಗಾಳಿ ಬೀಸುತ್ತಲೇ ಇರುತ್ತದೆ. ಹೋಗಲಿ, ಅದು ತೆರೆಗಾಗಿ ಮಾಡಿದ್ದು. ನನಗೆ ಜಾಸ್ತಿ ಬೇಸರ ತಂದದ್ದು ಬೇರೆ. ನನಗೆ ಮಾತು ಬರಲ್ಲ, ನಾಲಿಗೆ ಮಂದ ಅಂತ ದೇವರ ಮುಂದೆ ಅಳುಕುವವನು ಮೋಶೆ, ಅದಕ್ಕೇ ಅಣ್ಣ ಆರೋನ ಅವನ ಪರವಾಗಿ ಮಾತಾಡಬೇಕಾಗುತ್ತದೆ. ಮೋಶೆಯ ಪಾತ್ರ ಮಾಡಿದ ಚಾರ್ಲ್ಟನ್ ಹೆಸ್ಟನ್‌ರ ಆ ಗಟ್ಟಿ ದನಿಯಲ್ಲಿ ಆ ಮನುಷ್ಯ ಕಾಣುವುದೇ ಇಲ್ಲ.

2004ರ 'ದ ಪ್ಯಾಶನ್ ಆಫ್ ದ ಕ್ರೈಸ್ಟ್' ನೋಡಿದವರು ಇಲ್ಲಿ ಸುಮಾರು ಜನ ಇರಬಹುದು. ಯೇಸುವಿನ ಕಾಲದ ಅರಾಮಿಕ್, ಲ್ಯಾಟಿನ್ ಭಾಷೆಗಳಲ್ಲೇ ಮಾತಾಡುತ್ತಾರೆ, ಹಾಗಾಗಿ ಎಲ್ಲವೂ ಹಾಗೇ ನಡೆದದ್ದು ಅನ್ನಿಸಿಬಿಡುತ್ತದೆ. ಯೇಸುವಿಗೆ ಕೊರಡೆ ಏಟು ಬೀಳುವ ದೃಶ್ಯ ಎಷ್ಟು ಉದ್ದ, ಅಲ್ವಾ? ಬೈಬಲ್‌ನಲ್ಲಿ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಯೋಹಾನನ ಸುವಾರ್ತೆಯಲ್ಲಿ ಅದು ಬರೇ ಒಂದು ವಾಕ್ಯ. ರೋಮನ್ ಅಧಿಪತಿ ಪಿಲಾತನು ಯೇಸುವನ್ನು ಹೊಡೆಸಿದ, ಅಷ್ಟೇ. ಎಷ್ಟು ಏಟು, ಎಷ್ಟು ರಕ್ತ ಅಂತ ಯಾವ ಸುವಾರ್ತೆಯೂ ಹೇಳುವುದಿಲ್ಲ. ಸಿನಿಮಾದ ಎಷ್ಟೋ ವಿವರ ಬಂದದ್ದು ಆನ್ ಕ್ಯಾಥರೀನ್ ಎಮ್ಮೆರಿಕ್ ಎಂಬ ಜರ್ಮನ್ ಸನ್ಯಾಸಿನಿ ಕಂಡ ದರ್ಶನಗಳಿಂದ. ಭಕ್ತಿಯಿಂದ ನೋಡುವವರ ಕಣ್ಣೀರು ನಿಜ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಸುವಾರ್ತೆ ಬರೆದವರು ಗಾಯದ ಮುಂದೆ ನಿಲ್ಲದೆ ಮುಂದಕ್ಕೆ ಹೋದರು. ಅವರ ಆ ಸಂಯಮವೂ ಕಥೆಯದೇ ಭಾಗ.

ಈ ಸಂಯಮವನ್ನು ಉಳಿಸಿಕೊಂಡವರು ದೇವರನ್ನೇ ನಂಬದ ಇಟಲಿಯ ಕಮ್ಯುನಿಸ್ಟ್ ಪಸೊಲಿನಿ. 1964ರಲ್ಲಿ ಅವರು ಮತ್ತಾಯನ ಸುವಾರ್ತೆಯನ್ನು ಸಿನಿಮಾ ಮಾಡಿದರು. ಸಂಭಾಷಣೆಯನ್ನು ತಾವು ಕಟ್ಟಲಿಲ್ಲ, ಸುವಾರ್ತೆಯಿಂದಲೇ ತಗೊಂಡರು. ಯೇಸುವಾಗಿ ಒಬ್ಬ ಸ್ಪೇನಿನ ವಿದ್ಯಾರ್ಥಿ, ಜೆರುಸಲೇಮಿಗೆ ಬದಲು ದಕ್ಷಿಣ ಇಟಲಿಯ ಮಾತೇರಾ. ಶುರುವಿನಲ್ಲಿ ಯೇಸುವಿನ ತಾಯಿ ಮರಿಯಳ ಮುಖ ಕಾಣುತ್ತದೆ. ಆಮೇಲೆ ಅವಳ ಜೊತೆ ಮದುವೆ ನಿಶ್ಚಯವಾಗಿದ್ದ ಯೋಸೇಫನ ಮುಖ. ಆಮೇಲೆ ಅವಳ ತುಂಬಿದ ಹೊಟ್ಟೆ. ಇಬ್ಬರೂ ಒಂದು ಮಾತೂ ಆಡುವುದಿಲ್ಲ, ಯಾಕಂದ್ರೆ ಮತ್ತಾಯನೂ ಅಲ್ಲಿ ಅವರಿಂದ ಮಾತಾಡಿಸಿಲ್ಲ. ಯೋಸೇಫ ಎದ್ದು ಹೋಗುತ್ತಾನೆ. ದೇವದೂತನ ಮಾತು ಕೇಳಿ ತಿರುಗಿ ಬಂದಾಗ ಅವಳು ನಗುತ್ತಾಳೆ, ಅಷ್ಟರಲ್ಲೇ ಎಲ್ಲ ತಿಳಿಯುತ್ತದೆ.

ಇಷ್ಟು ನಿಷ್ಠೆಯಿಂದ ತೆಗೆದವರೂ ಒಂದು ಕಡೆ ಮತ್ತಾಯನನ್ನು ಬಿಟ್ಟರು. ಮತ್ತಾಯ ಶಿಲುಬೆಯನ್ನು ದೂರದಿಂದ ನೋಡುತ್ತಿದ್ದ ಹೆಂಗಸರ ಹೆಸರು ಹೇಳುವಾಗ ಯೇಸುವಿನ ತಾಯಿಯನ್ನು ಹೇಳುವುದಿಲ್ಲ, ಅವಳು ಅಲ್ಲಿರುವುದು ಯೋಹಾನನಲ್ಲಿ. ಸಿನಿಮಾದಲ್ಲಿ ಮಾತ್ರ ವಯಸ್ಸಾದ ಮರಿಯಳು ಅಲ್ಲೇ ಕುಸಿದು ಅಳುತ್ತಾಳೆ. ಆ ಪಾತ್ರ ಮಾಡಿದವರು ಪಸೊಲಿನಿಯವರ ಸ್ವಂತ ತಾಯಿ ಸುಸಾನಾ. ಆ ತಾಯಿಯ ಕಿರಿಯ ಮಗ, ಪಸೊಲಿನಿಯವರ ತಮ್ಮ ಗುಯಿದೊ 1945ರಲ್ಲಿ ಕೊಲೆಯಾಗಿದ್ದ.