ರೋಬೋಟ್ ಆಮೇಲೆ, ಮೊದಲು ರೊಟ್ಟಿ

ಕಲಬುರಗಿ ಸುತ್ತಮುತ್ತಲಿನ ಕೇಳುಗರಿಗೆಲ್ಲ ನಮಸ್ಕಾರ. ಅನ್ನನಾಳದ ಕ್ಯಾನ್ಸರ್‌ಗೆ ರೋಬೋಟ್ ಆಪರೇಷನ್ ಒಳ್ಳೆಯದೋ, ಎದೆ ತೆರೆದು ಮಾಡುವುದು ಒಳ್ಳೆಯದೋ ಹೇಳಿ ಎಂದು ರೇಡಿಯೋದವರು ಸರ್ಜನ್ ಆದ ನನ್ನನ್ನು ಕರೆದಿದ್ದಾರೆ. ಹೇಳುತ್ತೇನೆ. ಅದಕ್ಕೂ ಮೊದಲು ನನ್ನದೊಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಜೋಳದ ರೊಟ್ಟಿ ಎದೆಯಲ್ಲಿ ನಿಂತ ಹಾಗೆ ಆಗುತ್ತಿದೆಯಾ? ಹಾಗಿದ್ದರೆ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ, ಮಾಡಿಸಿ. ಈ ವಾರವೇ.

ಅನ್ನನಾಳ ಅಂದರೆ ಗಂಟಲಿನಿಂದ ಹೊಟ್ಟೆಗೆ ಇಳಿಯುವ ಕೊಳವೆ. ಉದ್ದ ಸುಮಾರು 25 ಸೆಂಟಿಮೀಟರ್. ಮುಂದೆ ಶ್ವಾಸನಾಳ, ಅದರ ಕೆಳಗೆ ಹೃದಯ. ಅಷ್ಟು ಇಕ್ಕಟ್ಟಿನ ಜಾಗ. ಗಡ್ಡೆ ಇರುವ ಕೊಳವೆಯನ್ನು ತೆಗೆದು, ಜಠರವನ್ನೇ ಕೊಳವೆಯಂತೆ ಮಾಡಿ ಮೇಲಕ್ಕೆಳೆದು ಜೋಡಿಸಬೇಕು. ಹಳೆಯ ಪದ್ಧತಿಯಲ್ಲಿ ಪಕ್ಕೆಲುಬುಗಳ ನಡುವೆ ಉದ್ದಕ್ಕೆ ಕೊಯ್ದು, ಅವನ್ನು ಅಗಲಿಸುತ್ತೇವೆ. ಆ ನೋವಿಗೆ ರೋಗಿ ಕೆಮ್ಮಲು ಹೆದರುತ್ತಾರೆ. ಕಫ ಒಳಗೇ ಉಳಿಯುತ್ತದೆ, ನ್ಯುಮೋನಿಯಾ ಆಗುತ್ತದೆ. ರೋಬೋಟ್‌ಗೆ ಸಣ್ಣ ಸಣ್ಣ ತೂತು ಸಾಕು. ಹಾಂ, ಅದು ತಾನೇ ಕೊಯ್ಯುವ ಯಂತ್ರ ಅಲ್ಲ. ಪಕ್ಕದಲ್ಲಿ ಕೂತ ಸರ್ಜನ್ ಕೈ ಆಡಿಸಿದರೆ ಅದು ಆಡುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ.

ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನಲ್ಲಿ 112 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದರು. 2019ರಲ್ಲಿ ಅಚ್ಚಾದ ಲೆಕ್ಕ ಇದು: ಶ್ವಾಸಕೋಶದ ತೊಂದರೆ ಎದೆ ತೆರೆದವರಲ್ಲಿ ನೂರಕ್ಕೆ 58 ಮಂದಿಗೆ, ರೋಬೋಟ್‌ನಲ್ಲಿ 32 ಮಂದಿಗೆ. ಕ್ಯಾನ್ಸರ್ ಮರಳಿ ಬರುವುದರಲ್ಲಿ ಮಾತ್ರ ಎರಡೂ ಒಂದೇ. ಚೇತರಿಕೆಗೆ ರೋಬೋಟ್ ಒಳ್ಳೆಯದು. ತಡವಾಗಿ ಬಂದವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಆಳಂದ ಕಡೆಯ ಒಬ್ಬ ಯಜಮಾನರು, ತೊಗರಿ ಬೆಳೆಯುವವರು. ದೀಪಾವಳಿ ಹೊತ್ತಿಗೇ ಖಡಕ್ ರೊಟ್ಟಿ ಬಿಟ್ಟಿದ್ದರಂತೆ. ಹೆಂಡತಿ ಬಿಸಿ ರೊಟ್ಟಿ ಕೊಟ್ಟರು. ಅದೂ ನಿಂತಿತು. ಬ್ಯಾಳಿಯಲ್ಲಿ ನೆನೆಸಿ ಕೊಟ್ಟರು. "ರೊಟ್ಟಿ ಎದ್ಯಾಗ ನಿಂದರ್ತದ್ರಿ, ನೀರು ಕುಡದ್ರ ಇಳೀತದ" ಎಂದು ಅವರು ಔಷಧಿ ಅಂಗಡಿಯಲ್ಲಿ ಗ್ಯಾಸ್ ಗುಳಿಗೆ ತಂದು ನುಂಗಿದರು. ಹೆಂಡತಿ ದವಾಖಾನೆಗೆ ಹೋಗೋಣ ಅಂದರೆ, ತೊಗರಿ ರಾಶಿ ಆಗಲಿ ಅಂದರು. ರಾಶಿ ಆಯಿತು. ಶರಣಬಸವೇಶ್ವರರ ಜಾತ್ರೆ ಆಗಲಿ ಅಂದರು. ತೇರೂ ಎಳೆದಾಯಿತು. ನನ್ನ ಹತ್ತಿರ ಬಂದಾಗ ಅನ್ನದ ಗಂಜಿಯೂ ಇಳಿಯುತ್ತಿರಲಿಲ್ಲ. ಧೋತರ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮಗ ಮೊಬೈಲ್‌ನಲ್ಲಿ ವಿಡಿಯೋ ತೋರಿಸಿ, "ಸಾಹೇಬ್ರ, ರೋಬೋಟ್‌ದಿಂದನೇ ಮಾಡ್ರಿ, ಬೇಕಾದ್ರ ಎರಡು ಎಕರೆ ಮಾರ್ತೀನಿ" ಅಂದ. ಗಡ್ಡೆ ಶ್ವಾಸನಾಳದ ಒಳಕ್ಕೆ ಹೊಕ್ಕಿತ್ತು. ರೋಬೋಟೂ ಬೇಡ, ಚಾಕುವೂ ಬೇಡ ಅನ್ನುವ ಸ್ಥಿತಿ. ನೀರು ಇಳಿಯಲಿ ಎಂದು ಒಂದು ಸ್ಟೆಂಟ್, ಅಂದರೆ ದಾರಿ ತೆರೆದಿಡುವ ಜಾಲರಿ ನಳಿಕೆ, ಹಾಕಿ ಕಳಿಸಿದೆವು. ಹೊಲ ಮಾರಬೇಡ ಎಂದು ಹುಡುಗನಿಗೆ ಹೇಳಲು ನನಗೆ ಅರ್ಧ ಗಂಟೆ ಹಿಡಿಯಿತು. ಆ ತಾಯಿ ಒಂದೇ ಮಾತು ಕೇಳಿದರು: "ರಾಶಿಗಿಂತ ಮೊದಲ ಬಂದಿದ್ರ?" ನಾನು ಸುಮ್ನೆ ಕೂತೆ.

ಗಾಜಿನಾಚೆಯಿಂದ ಸಮಯ ಆಯಿತು ಎಂದು ಕೈ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳಿಬಿಡುತ್ತೇನೆ. ಬೀಡಿ, ಗುಟ್ಕಾ, ಸೆರೆ ಬಿಡಿ. ಸುಡುವ ಚಹಾ ಆರಿಸಿ ಕುಡಿಯಿರಿ. ಆಪರೇಷನ್‌ಗೆ ಮೊದಲು ಕೀಮೋ, ರೇಡಿಯೇಷನ್ ಕೊಡುತ್ತೇವೆ ಅಂದರೆ ಗಾಬರಿಯಾಗಬೇಡಿ, ಅದು ಗಡ್ಡೆ ಕುಗ್ಗಿಸಲು. ರೊಟ್ಟಿ ನಿಂತರೆ ಎಂಡೋಸ್ಕೋಪಿ. ಹತ್ತು ಹದಿನೈದು ನಿಮಿಷದ ಕೆಲಸ ಅಷ್ಟೇ. ಗಂಟಲಿಗೆ ಮದ್ದು ಹೊಡೆದು, ಕಿರುಬೆರಳಿನ ದಪ್ಪದ ಕೊಳವೆ ಇಳಿಸಿ ನೋಡುತ್ತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ. ಚಹಾನೂ ಬೇಡ.