ಮಲಗಿಸಬೇಡಿ, ಎಬ್ಬಿಸಿ

ಕೇಳುಗರಿಗೆ ನಮಸ್ಕಾರ. ನಾನು ಫಿಸಿಯೋಥೆರಪಿಸ್ಟ್. ಆ ಹೆಸರು ಬಾಯಿಗೆ ಬರದವರು 'ಎಕ್ಸರ್‌ಸೈಜ್ ಮೇಡಂ' ಅಂತಾರೆ. ಅದೇ ಚೆನ್ನಾಗಿದೆ.

ವಯಸ್ಸಾದವರು ಬಚ್ಚಲಲ್ಲಿ ಜಾರಿ ಬಿದ್ದರೆ ಸೊಂಟ ಮುರಿಯಿತು ಎನ್ನುತ್ತೇವೆ. ನಿಜವಾಗಿ ಮುರಿಯುವುದು ತೊಡೆ ಮೂಳೆಯ ಮೇಲ್ತುದಿ. ಡಾಕ್ಟರು ಆಪರೇಷನ್ ಮಾಡಿ ರಾಡ್ ಹಾಕುತ್ತಾರೆ, ಇಲ್ಲವೇ ಆ ಮೂಳೆಯ ತುದಿಯಲ್ಲಿರುವ ಚೆಂಡಿನಂಥ ಗುಂಡು ಭಾಗ ತೆಗೆದು ಲೋಹದ್ದು ಕೂರಿಸುತ್ತಾರೆ. ಯಾಕೆ? ಬೇಗ ಎದ್ದು ನಿಲ್ಲಲಿ ಅಂತ. ಮನೆಗೆ ಕರೆತಂದು ನಾವೇನು ಮಾಡುತ್ತೇವೆ? ಮಲಗಿಸುತ್ತೇವೆ!

"ಮೂಳೆ ಕೂಡಲಿ ಮೇಡಂ, ಮೂರು ತಿಂಗಳು ಮಲಗಿರಲಿ." ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಡಾಕ್ಟರು ಬೇಡ ಎನ್ನದಿದ್ದರೆ ಆಪರೇಷನ್ನಿನ ಮಾರನೇ ದಿನವೇ ಎಬ್ಬಿಸಬೇಕು. ಮಲಗಿದಷ್ಟೂ ತೊಡೆಯ ಮಾಂಸ ಕರಗುತ್ತದೆ. ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದಕ್ಕೇ ಹೇಳುವುದು, ಎಬ್ಬಿಸಿ.

ತಿಪಟೂರು ಕಡೆಯ ಒಬ್ಬರು ಅಜ್ಜಿ ಇದ್ದರು. ವಯಸ್ಸು 78. ಆಪರೇಷನ್ ಆಗಿ ಮೂರು ವಾರವಾದರೂ ಮಗ ಮಂಚ ಇಳಿಯಲು ಬಿಟ್ಟಿರಲಿಲ್ಲ. ಊಟ, ಕಾಫಿ, ಎಲ್ಲ ಹಾಸಿಗೆಗೇ. ನಾನು ಹೋದರೆ ಅಜ್ಜಿ ಗೋಡೆ ಕಡೆ ತಿರುಗಿಕೊಂಡರು. "ನನ್ನ ಕಾಲ ಮುಗೀತು ಬಿಡವ್ವ" ಎಂದರು. ಅಷ್ಟರಲ್ಲಿ ಹಿತ್ತಿಲಲ್ಲಿ ಧಡ್ ಅಂತ ತೆಂಗಿನಕಾಯಿ ಬಿತ್ತು. ಅವತ್ತು ಕಾಯಿ ಕೀಳಿಸುತ್ತಿದ್ದರು. ಅಜ್ಜಿ ತಟ್ಟನೆ ಈ ಕಡೆ ತಿರುಗಿ, "ಎಣಿಸೋರು ಯಾರು?" ಎಂದರು. ಮಗನ ಲೆಕ್ಕದ ಮೇಲೆ ಅವರಿಗೆ ಒಂದು ಚೂರೂ ನಂಬಿಕೆ ಇರಲಿಲ್ಲ!

ನನಗೆ ಅಷ್ಟೇ ಬೇಕಿತ್ತು. "ನೀವೇ ಬಂದು ಎಣಿಸಿ ಅಜ್ಜಿ" ಎಂದೆ. ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆ ಕಾದೆವು. ಮಂಚದ ಅಂಚಿಗೆ ಕೂರಿಸಿದೆ. ತಲೆ ಸುತ್ತು ನಿಂತ ಮೇಲೆ ವಾಕರ್ ಕೊಟ್ಟೆ. ಮೊದಲು ವಾಕರ್ ಮುಂದೆ, ಆಮೇಲೆ ಆಪರೇಷನ್ ಆದ ಕಾಲು, ಆಮೇಲೆ ಒಳ್ಳೆ ಕಾಲು. ಅವತ್ತು ನಾಲ್ಕೇ ಹೆಜ್ಜೆ. ಬೆವರಿಬಿಟ್ಟರು. ಮರುದಿನ ಬಾಗಿಲವರೆಗೆ. ಆ ಮನೆಯ ಹೊಸ್ತಿಲು ಒಂದು ಗೇಣು ಎತ್ತರ, ಅದನ್ನು ದಾಟಲು ಒಂದು ವಾರ ಹಿಡಿಯಿತು. ಮುಂದಿನ ಸಲ ಕಾಯಿ ಕೀಳಿಸುವ ಹೊತ್ತಿಗೆ ಅಜ್ಜಿ ಹಿತ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮಗನ ಲೆಕ್ಕದಲ್ಲಿ ಹನ್ನೊಂದು ಕಾಯಿ ಕಡಿಮೆ ಇತ್ತಂತೆ. ಇವತ್ತಿಗೂ ಆ ಮಗ ನನ್ನನ್ನು ಕಂಡರೆ ಮುಖ ಗಂಟಿಕ್ಕುತ್ತಾರೆ.

ಅಯ್ಯೋ, ಸ್ಟುಡಿಯೋ ಗಾಜಿನ ಆಚೆಯಿಂದ ಟೈಮ್ ಆಯ್ತು ಅಂತ ಆಗಲೇ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ನೆಲದಲ್ಲಿ ಕುಕ್ಕರುಗಾಲಲ್ಲಿ ಕೂರುವುದು ಬೇಡ, ಕಮೋಡ್ ಕುರ್ಚಿ ತನ್ನಿ. ಗಂಜಿ ಮಾತ್ರ ಕೊಟ್ಟರೆ ಮಾಂಸಕ್ಕೆ ಬಲ ಬರುವುದಿಲ್ಲ, ಬೇಳೆ, ಮೊಟ್ಟೆ, ಮೊಸರು ಕೊಡಿ. ಜಾರುವ ಕಾಲೊರಸು ತೆಗೆದುಬಿಡಿ. ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ ಮಾತ್ರ ನನಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಇದಾದ ಮೇಲೆ ಚಿತ್ರಗೀತೆ ಇದೆಯಂತೆ. ನಿಮ್ಮನೆ ಅಜ್ಜಿ ಮಲಗಿದ್ದರೆ ಎಬ್ಬಿಸಿ, ಕುರ್ಚಿಯಲ್ಲಿ ಕೂತೇ ಕೇಳಲಿ. ನಮಸ್ಕಾರ.