ಕಾರಿನ ಮೈಮೇಲಿನ ಗೀರು ಮತ್ತು ಪಾಲಿಶ್ ಮೆಷಿನ್

ಕೇಳುಗರೆಲ್ಲರಿಗೂ ನಮಸ್ಕಾರ.

ದಸರಾ ಹೊತ್ತಿಗೆ ಮೈಸೂರಿನ ರಸ್ತೆಗಳಲ್ಲೆಲ್ಲ ದೀಪ ಹಾಕುತ್ತಾರಲ್ಲ, ಆಗ ಕಪ್ಪು ಕಾರು ಇಟ್ಟುಕೊಂಡವರಿಗೆ ಒಂದು ಬೇಜಾರು ಕಾದಿರುತ್ತದೆ. ತೊಳೆದು, ಒರೆಸಿ, ಚೆನ್ನಾಗಿದೆ ಅಂದುಕೊಂಡು ಕಾರು ತಂದಿರುತ್ತಾರೆ. ದೀಪದ ಕೆಳಗೆ ನಿಲ್ಲಿಸಿದ ಕೂಡಲೇ ಬಾನೆಟ್ ಮೇಲೆ ಪ್ರತಿ ದೀಪದ ಸುತ್ತಲೂ ಜೇಡರ ಬಲೆ ಕಟ್ಟಿದ ಹಾಗೆ ಸಾವಿರಾರು ಸಣ್ಣ ಗೀರುಗಳು ಕಾಣುತ್ತವೆ. ಇವಕ್ಕೆ ಸ್ವರ್ಲ್ ಮಾರ್ಕ್ ಅನ್ನುತ್ತಾರೆ. ಬಿಳಿ ಕಾರಿನವರು ನಗಬೇಡಿ. ನಿಮ್ಮದರಲ್ಲೂ ಅಷ್ಟೇ ಇದೆ, ಕಾಣುವುದಿಲ್ಲ ಅಷ್ಟೆ.

ಈ ಗೀರುಗಳು ಸುತ್ತು ಸುತ್ತಾಗಿ ಕಾಣುವುದರಿಂದ, ಯಾರೋ ಬಟ್ಟೆಯನ್ನು ಗುಂಡಗೆ ಆಡಿಸಿ ಒರೆಸಿದ್ದಾರೆ ಅಂತ ತುಂಬಾ ಜನ ತಿಳಿಯುತ್ತಾರೆ. ಅದು ಕಣ್ಣಿಗೆ ಆಗುವ ಮೋಸ. ಗೀರುಗಳು ಎಲ್ಲ ದಿಕ್ಕಿನಲ್ಲೂ ಇರುತ್ತವೆ. ದೀಪದ ಬೆಳಕಿಗೆ ಅಡ್ಡಲಾಗಿ ಬಿದ್ದಿರುವ ಗೀರು ಮಾತ್ರ ಬೆಳಕನ್ನು ನಮ್ಮ ಕಣ್ಣಿನ ಕಡೆ ತಿರುಗಿಸುತ್ತದೆ. ಉಳಿದವು ಇದ್ದರೂ ಕಾಣುವುದಿಲ್ಲ. ದೀಪದ ಸುತ್ತ ಅಡ್ಡ ಬಿದ್ದವನ್ನೆಲ್ಲ ಕೂಡಿಸಿದರೆ ನಮಗೆ ಕಾಣುವುದು ವೃತ್ತ. ಬೇಕಾದರೆ ಮೊಬೈಲಿನ ಟಾರ್ಚ್ ಹಚ್ಚಿಕೊಂಡು ಬಾನೆಟ್ ಮೇಲೆ ನಿಧಾನವಾಗಿ ಸರಿಸಿ ನೋಡಿ. ಟಾರ್ಚ್ ಹೋದ ಕಡೆಗೆಲ್ಲ ಆ ವೃತ್ತವೂ ಹೋಗುತ್ತದೆ. ಗೀರು ನಿಜವಾಗಿಯೂ ಗುಂಡಗಿದ್ದಿದ್ದರೆ ಇದ್ದಲ್ಲೇ ಇರಬೇಕಿತ್ತು, ಅಲ್ವಾ? ಆದ್ದರಿಂದ ಗುಂಡಗೆ ಒರೆಸಬೇಡಿ, ನೇರವಾಗಿ ಒರೆಸಿ ಅನ್ನುವ ಸಲಹೆಯನ್ನು ಅಷ್ಟಾಗಿ ನೆಚ್ಚಬೇಡಿ. ಧೂಳಿನ ಮೇಲೆ ಬಟ್ಟೆ ಎಳೆದರೆ ಯಾವ ದಿಕ್ಕಿನಲ್ಲಿ ಎಳೆದರೂ ಗೀರೇ.

ಧೂಳು ಅಂದರೆ ಏನು? ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲಿನ ಸಣ್ಣ ಕಣಗಳು ಇರುತ್ತವೆ. ಕಾರಿನ ಬಣ್ಣಕ್ಕಿಂತ ಅವು ಎಷ್ಟೋ ಪಾಲು ಗಟ್ಟಿ. ಬೆಳಿಗ್ಗೆ ಆಫೀಸಿಗೆ ಹೊರಡುವಾಗ ಒಣ ಬಟ್ಟೆಯಲ್ಲಿ ಸರಸರ ಒರೆಸುತ್ತೇವಲ್ಲ, ಅದೊಂದೇ ಸಾಕು. ಒಂದೇ ಬಕೆಟ್ ನೀರಿನಲ್ಲಿ ಮೊದಲು ಚಕ್ರ, ಆಮೇಲೆ ಅದೇ ಬಟ್ಟೆಯಲ್ಲಿ ಬಾನೆಟ್ ತೊಳೆಯುವವರೂ ಇದ್ದಾರೆ. ಗಾಳಿಗೆ ಪಟಪಟ ಬಡಿಯುವ ಕಾರಿನ ಕವರ್ ಕೂಡ ಕಡಿಮೆಯದಲ್ಲ. ಮಂಡ್ಯದ ಕಡೆ ಕಬ್ಬು ಅರೆಯುವ ಕಾಲ ಬಂದರೆ ಆಲೆಮನೆಯ ಬೂದಿ, ಮಸಿ ಬಂದು ಕಾರಿನ ಮೇಲೆ ಕೂರುತ್ತದೆ. ನೋಡಲು ಹಗುರ, ಬಾಯಲ್ಲಿ ಊದಿದರೆ ಹೋಗುವ ಹಾಗಿರುತ್ತದೆ. ಅದನ್ನೂ ಒಣಗಿದ್ದಾಗ ಉಜ್ಜಬಾರದು.

ಆಯುಧ ಪೂಜೆಯ ದಿನ ಬಾನೆಟ್ ಮೇಲೆ ಮೂರು ಪಟ್ಟೆ ವಿಭೂತಿ, ಅದರ ಮೇಲೆ ಅರಿಶಿನ ಕುಂಕುಮ, ಮುಂದೆ ಸೇವಂತಿಗೆ ಹಾರ, ಎರಡು ಬದಿಗೆ ಬಾಳೆಕಂದು. ಪೂಜೆ ಬೇಡ ಅಂತ ನಾನು ಹೇಳುವುದಿಲ್ಲ, ನಮ್ಮ ಮನೆಯಲ್ಲೂ ಮಾಡುತ್ತೇವೆ. ಆದರೆ ಹಾರದ ದಾರ, ಬಾಳೆಕಂದು ಕಟ್ಟಿದ ಹಗ್ಗ ಇವು ಕಾರು ಓಡುವಾಗ ಒಂದೇ ಜಾಗದಲ್ಲಿ ತಿಕ್ಕುತ್ತಲೇ ಇರುತ್ತವೆ. ಪೂಜೆ ಮುಗಿದು ಒಂದು ಸುತ್ತು ಹೋಗಿ ಬಂದ ಮೇಲೆ ಬಿಚ್ಚಿಬಿಡಿ. ವಿಭೂತಿಯನ್ನು ಮಾರನೆಯ ದಿನ ಒಣ ಬಟ್ಟೆಯಲ್ಲಿ ಕೆರೆದು ತೆಗೆಯಬೇಡಿ, ನೀರು ಬಿಟ್ಟು ನೆನೆಸಿ.

ಸರಿ, ಗೀರು ಬಿದ್ದಾಗಿದೆ. ಹೋಗಿಸುವುದು ಹೇಗೆ?

ಅದಕ್ಕೆ ಮುಂಚೆ ಕಾರಿನ ಬಣ್ಣ ಏನೆಂದು ತಿಳಿಯಬೇಕು. ತಗಡಿನ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಬಣ್ಣವಿಲ್ಲದ ಒಂದು ತಿಳಿ ಪದರ. ಈ ಕೊನೆಯದೇ ಕ್ಲಿಯರ್ ಕೋಟ್. ಇಷ್ಟೂ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್. ಒಂದು ಮೈಕ್ರಾನ್ ಅಂದರೆ ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ ಒಂದು ಪಾಲು. ಕ್ಲಿಯರ್ ಕೋಟ್ ಮಾತ್ರ ಅಳೆದರೆ 40, 50 ಮೈಕ್ರಾನ್ ಇರುತ್ತದೆ. ನಮ್ಮ ತಲೆಕೂದಲು ಅದಕ್ಕಿಂತ ದಪ್ಪ. ಕಾರಿಗೆ ಹೊಳಪು ಕೊಡುವುದು, ಬಿಸಿಲಿನಿಂದ ಬಣ್ಣ ಕಾಯುವುದು ಈ ಪದರವೇ. ಸ್ವರ್ಲ್ ಮಾರ್ಕ್ ಬೀಳುವುದೂ ಇದರ ಮೇಲೇ.

ಮರದ ಬಾಗಿಲಿಗೆ ಅರಗಿನ ಪಾಲಿಶ್ ಹೊಡೆಯುವವರನ್ನು ನೀವು ನೋಡಿರಬಹುದು. ನಮ್ಮ ಬನ್ನಿಮಂಟಪದಲ್ಲಿರುವ, ಈಗ ಚುನಾವಣೆಯ ಶಾಯಿಗೆ ಹೆಸರಾದ ಬಣ್ಣದ ಕಾರ್ಖಾನೆ 1937ರಲ್ಲಿ ಶುರುವಾದದ್ದೇ ಅರಗು ಮತ್ತು ಬಣ್ಣದ ಕೆಲಸಕ್ಕೆ. ಬಾಗಿಲಿಗೆ ಪಾಲಿಶ್ ಹೊಡೆಯುವಾಗ ಪದರದ ಮೇಲೆ ಪದರ ಕೂಡುತ್ತದೆ. ಕಾರಿನಲ್ಲಿ ಹಾಗಲ್ಲ, ಇಲ್ಲಿ ಕಳೆಯುವ ಲೆಕ್ಕ. ಮೆಷಿನ್ ಪಾಲಿಶ್‌ನಲ್ಲಿ ಗೀರನ್ನು ತುಂಬುವುದಿಲ್ಲ. ಗೀರಿನ ತಳದ ಮಟ್ಟಕ್ಕೆ ಸುತ್ತಲಿನ ಪದರವನ್ನೇ ಸವೆಸುತ್ತೇವೆ. ಒಮ್ಮೆ ಸವೆಸಿದ್ದು ಮತ್ತೆ ಬರುವುದಿಲ್ಲ. ಹಾಗಾಗಿ ವರ್ಷವರ್ಷವೂ ದಸರಾಕ್ಕೆ ರಬ್ಬಿಂಗ್ ಪಾಲಿಶ್ ಮಾಡಿಸುವ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಕೆಲವು ವರ್ಷ ಮಿಂಚುತ್ತದೆ. ಆಮೇಲೆ ಒಂದು ಬೇಸಿಗೆಯಲ್ಲಿ ಟಾಪ್ ಮೇಲೆ, ಬಾನೆಟ್ ಮೇಲೆ ಬಿಳಿ ಬಿಳಿಯಾಗಿ ಸಿಪ್ಪೆ ಏಳುತ್ತದೆ. ಆಗ ಪಾಲಿಶ್ ಕೆಲಸಕ್ಕೆ ಬರುವುದಿಲ್ಲ, ಪೇಂಟೇ ಹೊಡೆಸಬೇಕು.

ಇನ್ನೊಂದು ಬಗೆಯ ಪಾಲಿಶ್ ಇದೆ. ಅದು ಗೀರನ್ನು ತೆಗೆಯುವುದಿಲ್ಲ. ಎಣ್ಣೆ, ಮೇಣ ತುಂಬಿ ಮುಚ್ಚುತ್ತದೆ. ಅಂಗಡಿಯಿಂದ ಕಾರು ಬರುವಾಗ ಥಳಥಳ, ನಾಲ್ಕು ಸಲ ಶಾಂಪೂ ಹಾಕಿ ತೊಳೆದರೆ ಗೀರೆಲ್ಲ ವಾಪಸ್. ಅದು ತಪ್ಪಲ್ಲ, ಬಣ್ಣ ಸವೆಯುವುದಿಲ್ಲ. ಗೀರು ಹೋಯಿತು ಅಂತ ಹೇಳಿ ಅದಕ್ಕೆ ತಕ್ಕ ದುಡ್ಡು ಇಸಿದುಕೊಂಡರೆ ಮಾತ್ರ ಮೋಸ.

ಮೆಷಿನ್ ವಿಷಯಕ್ಕೆ ಬರೋಣ. ಮುಖ್ಯವಾಗಿ ಎರಡು ಬಗೆ. ಒಂದು ರೋಟರಿ. ಇದರ ಪ್ಯಾಡ್ ಒಂದೇ ಕೇಂದ್ರದ ಸುತ್ತ ಗಿರಗಿರ ತಿರುಗುತ್ತದೆ. ಬೇಗ ಕೆಲಸ ಮಾಡುತ್ತದೆ, ಅಷ್ಟೇ ಬೇಗ ಬಿಸಿ ಏರಿಸುತ್ತದೆ. ಡೋರಿನ ಅಂಚಿನ ಮೇಲೆ ಎರಡು ಕ್ಷಣ ಜಾಸ್ತಿ ನಿಂತರೆ ಪ್ರೈಮರ್ ಕಾಣುತ್ತದೆ. ಇನ್ನೊಂದು ಡ್ಯುಯಲ್ ಆಕ್ಷನ್, ಡಿಎ ಅನ್ನುತ್ತಾರೆ. ಇದರ ಪ್ಯಾಡ್ ತಿರುಗುವುದರ ಜೊತೆಗೆ ಅಲುಗಾಡುತ್ತಲೂ ಇರುತ್ತದೆ. ಎಷ್ಟು ಅಗಲಕ್ಕೆ ಅಲುಗುತ್ತದೆ ಅನ್ನುವುದನ್ನು 8, 15, 21 ಮಿಲಿಮೀಟರ್ ಅಂತ ಮೆಷಿನ್ ಮೇಲೆ ಬರೆದಿರುತ್ತಾರೆ. ಈ ಬಗೆಯ ಮೆಷಿನ್ ಮೇಲೆ ಜಾಸ್ತಿ ಭಾರ ಹಾಕಿದರೆ ಪ್ಯಾಡ್ ತಿರುಗುವುದನ್ನೇ ನಿಲ್ಲಿಸುತ್ತದೆ. ಕಲಿಯುವವರಿಗೆ ಇದೇ ದೊಡ್ಡ ಕಾವಲು. ಮನೆಯಲ್ಲೇ ಮಾಡಿಕೊಳ್ಳುವ ಆಸೆ ಇದ್ದವರಿಗೆ 15 ಮಿಲಿಮೀಟರಿನ ಡಿಎ ಸಾಕು. ರೋಟರಿಯನ್ನು ನುರಿತವರ ಕೈಗೇ ಬಿಡಿ. ಅವರಲ್ಲೂ ಕೆಲವರು ಕೆಲಸ ಮುಗಿಸಿದ ಮೇಲೆ ಬಿಸಿಲಿನಲ್ಲಿ ಬಾನೆಟ್ ಮೇಲೆ ಹಾವು ಹರಿದಾಡಿದ ಗೆರೆ ಕಾಣುತ್ತದೆ. ಆ ಗೆರೆಗೆ ಹೋಲೋಗ್ರಾಮ್ ಅನ್ನುತ್ತಾರೆ. ಸ್ವರ್ಲ್ ಹೋಗಿ ಹೋಲೋಗ್ರಾಮ್ ಬಂತು, ಅಷ್ಟೆ.

ಪಾಲಿಶ್‌ಗಿಂತ ಅದಕ್ಕೆ ಮುಂಚಿನ ಕೆಲಸವೇ ಜಾಸ್ತಿ. ಚೆನ್ನಾಗಿ ತೊಳೆಯಬೇಕು. ತೊಳೆದ ಮೇಲೆ ಬೆರಳಿಗೆ ತೆಳು ಪ್ಲಾಸ್ಟಿಕ್ ಕವರ್ ಹಾಕಿಕೊಂಡು ಬಾನೆಟ್ ಸವರಿ. ತರಿ ತರಿ ಅನ್ನಿಸಿದರೆ ಬಣ್ಣಕ್ಕೆ ಏನೋ ಅಂಟಿಕೊಂಡಿದೆ ಅಂತ ಅರ್ಥ. ಬ್ರೇಕಿನ ಕಬ್ಬಿಣದ ಪುಡಿ ಇರಬಹುದು, ಮರದ ಅಂಟು ಇರಬಹುದು, ಟಾರ್ ಇರಬಹುದು. ಅದನ್ನು ಕ್ಲೇ ಬಾರ್ ಅನ್ನುವ ಜೇಡಿಮಣ್ಣಿನಂಥ ಮೆತ್ತನೆಯ ಉಂಡೆಯಿಂದ, ಜಾರಲು ಸೋಪಿನ ನೀರು ಹಾಕಿಕೊಂಡು ತೆಗೆಯಬೇಕು. ತೆಗೆಯದೆ ಮೆಷಿನ್ ಇಟ್ಟರೆ ಆ ಚೂರುಗಳೇ ಪ್ಯಾಡಿಗೆ ಸಿಕ್ಕಿ ಹೊಸ ಗೀರು ಹಾಕುತ್ತವೆ. ಆಮೇಲೆ ರಬ್ಬರ್ ಬೀಡಿಂಗ್, ಕಪ್ಪು ಪ್ಲಾಸ್ಟಿಕ್, ಡೋರಿನ ಮೂಲೆ, ಬಾನೆಟ್ಟಿನ ಚೂಪು ಗೆರೆ ಇವುಗಳ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ. ಅಂಚುಗಳಲ್ಲಿ ಬಣ್ಣ ಯಾವಾಗಲೂ ತೆಳ್ಳಗಿರುತ್ತದೆ.

ಕೆಲಸ ನೆರಳಿನಲ್ಲಿ ಮಾಡಿ. ಏಪ್ರಿಲ್ ಮಧ್ಯಾಹ್ನ ಬಿಸಿಲಿನಲ್ಲಿ ನಿಂತ ಕಾರಿನ ಮೇಲೆ ಕೈ ಇಡಲೇ ಆಗುವುದಿಲ್ಲ, ಕಾಂಪೌಂಡ್, ಅಂದರೆ ಬಣ್ಣ ಸವೆಸುವ ಒರಟು ಪಾಲಿಶ್, ಹಾಕಿದ ತಕ್ಷಣ ಒಣಗಿ ಹಿಟ್ಟಾಗುತ್ತದೆ. ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಉಂಗುರ, ವಾಚು, ಬೆಲ್ಟಿನ ಬಕಲ್ ತೆಗೆದಿಡಿ. ಮೆಷಿನ್ನಿನ ವೈರು ಹೆಗಲ ಮೇಲಿರಲಿ. ಪಂಚೆ ಉಟ್ಟುಕೊಂಡು ಮೆಷಿನ್ ಹಿಡಿದವರನ್ನೂ ನೋಡಿದ್ದೇನೆ, ದಯವಿಟ್ಟು ಬೇಡ.

ಈಗ ಮುಖ್ಯವಾದ ಮಾತು. ಇಡೀ ಕಾರಿಗೆ ಒಮ್ಮೆಗೇ ಕೈ ಹಾಕಬೇಡಿ. ಬಾನೆಟ್ ಮೇಲೆ ಎರಡು ಅಡಿಗಿಂತ ಸಣ್ಣದೊಂದು ಚೌಕ ಟೇಪಿನಲ್ಲಿ ಗುರುತು ಮಾಡಿಕೊಳ್ಳಿ. ಅದರೊಳಗೆ ಮಾತ್ರ ಪರೀಕ್ಷೆ. ಮೊದಲು ಮೆತ್ತನೆಯ ಫೋಮ್ ಪ್ಯಾಡ್, ನಯವಾದ ಪಾಲಿಶ್. ಅದರಿಂದ ಹೋಗಲಿಲ್ಲವೋ, ಸ್ವಲ್ಪ ಗಟ್ಟಿ ಪ್ಯಾಡ್. ಅದಕ್ಕೂ ಬಗ್ಗಲಿಲ್ಲವೋ, ಆಗ ಕಾಂಪೌಂಡ್. ನಮ್ಮ ಗ್ಯಾರೇಜುಗಳಲ್ಲಿ ಇದು ಉಲ್ಟಾ. ಮೊದಲೇ ಉಣ್ಣೆ ಪ್ಯಾಡು, ಒರಟು ಕಾಂಪೌಂಡು, ಫುಲ್ ಸ್ಪೀಡು. ಒಂದು ಕಂಪನಿಯ ಕಾರಿನ ಬಣ್ಣ ಮೆದು, ಇನ್ನೊಂದರದ್ದು ಗಟ್ಟಿ. ಪರೀಕ್ಷೆ ಮಾಡದೆ ತಿಳಿಯುವುದಿಲ್ಲ.

ಪ್ಯಾಡಿನ ಮೇಲೆ ಕಡಲೆಕಾಳಿನಷ್ಟು ನಾಲ್ಕೈದು ಹನಿ ಪಾಲಿಶ್ ಸಾಕು. ಮೆಷಿನ್ ಆನ್ ಮಾಡುವ ಮುಂಚೆ ಪ್ಯಾಡನ್ನು ಕಾರಿನ ಮೇಲೆ ಒತ್ತಿ ಹಿಡಿಯಿರಿ. ಗಾಳಿಯಲ್ಲಿ ಆನ್ ಮಾಡಿದರೆ ಪಾಲಿಶ್ ಎಲ್ಲ ನಿಮ್ಮ ಅಂಗಿಯ ಮೇಲೆ. ಮೊದಲು ಕಡಿಮೆ ಸ್ಪೀಡಿನಲ್ಲಿ ಹರಡಿ, ಆಮೇಲೆ ಮೆಷಿನ್ನಿನ ಸ್ಪೀಡ್ ನಂಬರನ್ನು ನಾಲ್ಕಕ್ಕೋ ಐದಕ್ಕೋ ಏರಿಸಿ. ಕೈ ಓಡಿಸಬೇಡಿ. ಒಂದು ಸೆಕೆಂಡಿಗೆ ಒಂದು ಇಂಚು, ಅದಕ್ಕಿಂತ ಬೇಗ ಬೇಡ. ಮೊದಲು ಎಡದಿಂದ ಬಲಕ್ಕೆ, ಆಮೇಲೆ ಮೇಲಿಂದ ಕೆಳಕ್ಕೆ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧ ಮುಚ್ಚುವಂತೆ ಹೋಗಲಿ. ಇಂಥ ನಾಲ್ಕು ಸುತ್ತು ಆದರೆ ಆಯಿತು. ಪ್ಯಾಡು ಯಾವಾಗಲೂ ಚಪ್ಪಟೆಯಾಗಿ ಕೂರಬೇಕು. ಕೈಯ ಭಾರ ಜಾಸ್ತಿ ಹಾಕಬೇಡಿ, ಮೆಷಿನ್ನಿನ ತೂಕದ ಮೇಲೆ ಸ್ವಲ್ಪವೇ ಸ್ವಲ್ಪ ಒತ್ತಿದರೆ ಸಾಕು. ಪ್ಯಾಡಿನ ಹಿಂದಿನ ತಟ್ಟೆಯ ಮೇಲೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿಡಿ. ಆ ಗೆರೆ ತಿರುಗುತ್ತಿದೆಯೋ ಇಲ್ಲವೋ ನೋಡಿದರೆ ಎಷ್ಟು ಒತ್ತುತ್ತಿದ್ದೀರಿ ಅಂತ ಗೊತ್ತಾಗುತ್ತದೆ. ನಡುನಡುವೆ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ಬಿಡಿ. ಬಂಪರಿನಲ್ಲಿ ಇನ್ನೂ ಹುಷಾರು. ಅದು ಪ್ಲಾಸ್ಟಿಕ್, ತಗಡಿನಷ್ಟು ಬೇಗ ಬಿಸಿ ಬಿಟ್ಟುಕೊಡುವುದಿಲ್ಲ.

ಒಂದು ಚೌಕ ಮುಗಿದ ಮೇಲೆ ಪ್ಯಾಡಿಗೆ ಹತ್ತಿದ ಪುಡಿಯನ್ನು ಬ್ರಷ್‌ನಿಂದ ಉದುರಿಸಿ. ಆಮೇಲೆ ನಾಲ್ಕು ಪಾಲು ನೀರಿಗೆ ಒಂದು ಪಾಲು ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ಆ ಜಾಗ ಒರೆಸಿ. ಪಾಲಿಶ್‌ನ ಎಣ್ಣೆ ಹೋಗದೆ ಗೀರು ಹೋಯಿತೋ ಅಡಗಿತೋ ಹೇಳಲು ಆಗುವುದಿಲ್ಲ. ಈಗ ಟಾರ್ಚ್ ಬಿಟ್ಟು ನೋಡಿ. ಹತ್ತರಲ್ಲಿ ಎಂಟು ಗೀರು ಹೋಗಿದ್ದರೆ ಅಲ್ಲಿಗೆ ನಿಲ್ಲಿಸಿ. ಉಳಿದ ಎರಡರ ಹಿಂದೆ ಬೀಳುವುದರಲ್ಲೇ ಕಾರು ಹಾಳಾಗುವುದು. ಉಗುರು ಎಳೆದಾಗ ಸಿಕ್ಕಿಕೊಳ್ಳುವ ಗೀರು ಇದೆಯಲ್ಲ, ಅದು ಪಾಲಿಶ್‌ಗೆ ಹೋಗುವುದಿಲ್ಲ. ಬೈಕಿನವರು ಹ್ಯಾಂಡಲ್ ತಾಗಿಸಿ ಹೋದದ್ದು, ಹುಡುಗರು ಕಲ್ಲಿನಲ್ಲಿ ಹೆಸರು ಬರೆದದ್ದು ಇವೆಲ್ಲ ಆ ಜಾತಿಗೆ ಸೇರಿದ್ದು. ಅವುಗಳ ಅಂಚು ಸ್ವಲ್ಪ ಮೆತ್ತಗಾಗುತ್ತದೆ, ಅಷ್ಟಕ್ಕೆ ಸಮಾಧಾನ ಮಾಡಿಕೊಳ್ಳಬೇಕು.

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರು ಮೈಸೂರಿನಲ್ಲಿ ಇನ್ನೂ ಇದ್ದಾರೆ. ಆ ಕಾಲದ ಬಣ್ಣದ ಮೇಲೆ ಸಾಮಾನ್ಯವಾಗಿ ಬೇರೆ ತಿಳಿ ಪದರ ಇರುವುದಿಲ್ಲ. ಪಾಲಿಶ್ ಮಾಡುವಾಗ ಪ್ಯಾಡಿಗೆ ಕಾರಿನ ಬಣ್ಣವೇ ಹತ್ತುತ್ತದೆ, ಗಾಬರಿ ಬೇಡ. ಆದರೆ ಹೊಸ ಕಾರಿನಲ್ಲಿ ಪ್ಯಾಡಿಗೆ ಬಣ್ಣ ಹತ್ತಿತು ಅಂದರೆ ಗಾಬರಿ ಆಗಲೇಬೇಕು. ಸೆಕೆಂಡ್ ಹ್ಯಾಂಡ್ ಕಾರಾದರೆ ಮೊದಲು ಬಣ್ಣದ ದಪ್ಪ ಅಳೆಸಿ. ಅಳೆಯುವ ಮೀಟರ್ ಒಳ್ಳೆಯ ಡಿಟೇಲಿಂಗ್ ಅಂಗಡಿಗಳಲ್ಲಿ ಇರುತ್ತದೆ. ಬೇರೆಲ್ಲ ಕಡೆ 120 ಮೈಕ್ರಾನ್ ತೋರಿಸಿ ಒಂದು ಡೋರಿನಲ್ಲಿ ಮಾತ್ರ 300 ತೋರಿಸಿದರೆ ಅಲ್ಲಿ ಟಿಂಕರಿಂಗ್ ಆಗಿ ಮತ್ತೆ ಪೇಂಟ್ ಬಿದ್ದಿದೆ ಅಂತ ತಿಳಿಯಿರಿ. ಅಂಗಡಿಗೆ ಕೊಡುವವರು ಈ ಮೀಟರ್ ಇದೆಯಾ ಅಂತ ಒಂದು ಮಾತು ಕೇಳಿ. ಇಲ್ಲ ಅಂದರೆ ನಾನಾದರೆ ಮುಂದಿನ ಅಂಗಡಿಗೆ ಹೋಗುತ್ತೇನೆ.

ಬಣ್ಣ ಕಾಯಲು ಕ್ಲಿಯರ್ ಕೋಟ್ ಮೇಲೆ ಹಚ್ಚುವ ಸೆರಾಮಿಕ್ ಕೋಟಿಂಗ್ ಬಗ್ಗೆ ಎರಡೇ ಮಾತು. ನೀರು ನಿಲ್ಲದೆ ಜಾರುತ್ತದೆ, ತೊಳೆಯುವುದು ಸುಲಭ, ಅದು ನಿಜ. 9ಎಚ್ ಗಟ್ಟಿತನ, ಗೀರೇ ಬೀಳುವುದಿಲ್ಲ ಅನ್ನುವುದನ್ನು ನಂಬಬೇಡಿ. ಆ 9ಎಚ್ ಪೆನ್ಸಿಲ್ ಗೀಚಿ ನೋಡುವ ಅಳತೆ. ರಸ್ತೆಯ ಧೂಳು ಪೆನ್ಸಿಲ್ ಅಲ್ಲ.

ಪಾಲಿಶ್ ಆದ ಮೇಲೆ ತೊಳೆಯುವ ರೀತಿ ಬದಲಾಗದಿದ್ದರೆ ಮಾಡಿದ್ದೆಲ್ಲ ಕೆಲವೇ ತಿಂಗಳ ಮಾತು. ಮೊದಲು ಬರೀ ನೀರು ಬಿಟ್ಟು ಧೂಳು ಇಳಿಸಿ. ಎರಡು ಬಕೆಟ್ ಇಟ್ಟುಕೊಳ್ಳಿ, ಒಂದರಲ್ಲಿ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಕ್ಕೆ ಬನ್ನಿ, ಚಕ್ರಕ್ಕೆ ಬೇರೆ ಬಟ್ಟೆ. ಬೋರ್‌ವೆಲ್ ನೀರಾದರೆ ಒಣಗಲು ಬಿಡಬೇಡಿ, ಉಪ್ಪಿನ ಕಲೆ ಕೂರುತ್ತದೆ. ಕೊನೆಗೆ ಮೈಕ್ರೋಫೈಬರ್ ಬಟ್ಟೆಯನ್ನು ಮೇಲೆ ಹಾಸಿ ನೀರು ಹೀರಿಸಿ, ಉಜ್ಜಬೇಡಿ. ಆ ಬಟ್ಟೆ ಕೈಜಾರಿ ನೆಲಕ್ಕೆ ಬಿತ್ತು ಅಂದರೆ ಅವತ್ತಿಗೆ ಅದರ ಕೆಲಸ ಮುಗಿಯಿತು. ಬೇರೆ ಬಟ್ಟೆ ತೆಗೆದುಕೊಳ್ಳಿ. ಮೈಕ್ರೋಫೈಬರ್ ಬಟ್ಟೆಯನ್ನು ಮನೆಯ ಮಿಕ್ಕ ಬಟ್ಟೆಗಳ ಜೊತೆ ಹಾಕದೆ ಬೇರೆಯಾಗಿ ಒಗೆಯಿರಿ, ಕಂಫರ್ಟ್ ಥರದ್ದು ಯಾವುದೂ ಹಾಕಬೇಡಿ, ನೀರು ಹೀರುವ ಗುಣ ಹೋಗುತ್ತದೆ.

ನಮಸ್ಕಾರ.